ಕಪಾಟಿನಲ್ಲಿ ಒಂದೇ ಜಾಗ ಉಳಿದಿದೆ: ಥಂಡರ್‌ಬರ್ಡ್ 2 ಮಾಡಲೋ, ಈಗಲ್ ಮಾಡಲೋ?

ರಟ್ಟಿನ ವಿಮಾನ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಒಂದು ಜಗಳ ತೀರಿಸಿಕೊಡಿ.

ನಾಲ್ಕು ವರ್ಷದಿಂದ ರಟ್ಟು, ಪಿವಿಸಿ ಪೈಪು, ಐಸ್‌ಕ್ರೀಂ ಕಡ್ಡಿ, ರೀಫಿಲ್ ಮುಗಿದ ಪೆನ್ನು ಇವುಗಳಲ್ಲೇ ಹಳೇ ಟಿವಿ ಸರಣಿಗಳ ವಾಹನಗಳನ್ನ ಮಾಡ್ತಾ ಬಂದಿದೀನಿ. ನಡುಮನೆ ಕಪಾಟಿನಲ್ಲಿ ಈಗ ನಾಲ್ಕು ಕೂತಿವೆ. ಸ್ಟಾರ್ ಟ್ರೆಕ್‌ನ ಎಂಟರ್‌ಪ್ರೈಸ್, ಲಾಸ್ಟ್ ಇನ್ ಸ್ಪೇಸ್‌ನ ಜುಪಿಟರ್ 2, ಡಾಕ್ಟರ್ ಹೂನ ಟಾರ್ಡಿಸ್ ಪೆಟ್ಟಿಗೆ, ಆಮೇಲೆ ವಾಯೇಜ್ ಟು ದ ಬಾಟಮ್ ಆಫ್ ದ ಸೀ ಸರಣಿಯ ಹಳದಿ ಫ್ಲೈಯಿಂಗ್ ಸಬ್. ಈ ಫ್ಲೈಯಿಂಗ್ ಸಬ್ ಮಾಡೋಕೆ ಎರಡು ಮಳೆಗಾಲ ಹಿಡೀತು. ನೀರಲ್ಲಿ ಈಜೋದೂ ಅದೇ, ಆಕಾಶದಲ್ಲಿ ಹಾರೋದೂ ಅದೇ. ಅದರ ಮೂತಿಯ ಬಾಗು ರಟ್ಟಿಗೆ ಬಗ್ಗಲೇ ಇಲ್ಲ. ಕೊನೆಗೆ ಕಾಗದ ನೆನೆಸಿ, ಮೆಂತ್ಯದ ಅಂಟು ಹಾಕಿ, ಅಜ್ಜಿ ಕಾಲದ ಮೊರ ಬಳಿಯೋ ಹಾಗೆ ಬಳಿದು ತಂದೆ.

ಈಗ ಐದನೇದಕ್ಕೆ 45 ಸೆಂ.ಮೀ. ಜಾಗ ಇದೆ, ಅಷ್ಟೇ. ನನ್ನ ಮನಸ್ಸು ಥಂಡರ್‌ಬರ್ಡ್ಸ್ ಸರಣಿಯ ಹಸಿರು ವಿಮಾನ ಥಂಡರ್‌ಬರ್ಡ್ 2 ಮೇಲೆ. ಒಂಬತ್ತನೇ ಕ್ಲಾಸಿನ ಮಗ ಸ್ಪೇಸ್: 1999 ಅನ್ನೋ ಹಳೇ ಸರಣಿಯ ಈಗಲ್ ನೌಕೆ ಬೇಕೇ ಬೇಕು ಅಂತ ಹಟ ಹಿಡಿದಿದಾನೆ. ಇಬ್ಬರೂ ಸೋಲೋಕೆ ತಯಾರಿಲ್ಲ, ಅದಕ್ಕೇ ಇಲ್ಲಿ ಕೇಳೋಣ ಅಂತ ಒಪ್ಪಿಕೊಂಡಿದೀವಿ.

ಷರತ್ತು ಎರಡೇ. ಸಿನಿಮಾ ನೌಕೆ ಬೇಡ, ಟಿವಿಯದ್ದೇ ಆಗಬೇಕು. 1985ರ ಈಚೆಗಿನದು ಬೇಡ. ಬರೀ ಹೆಸರು ಹೇಳಿ ಹೋಗಬೇಡಿ, ಯಾಕೆ ಇಷ್ಟ ಅಂತಲೂ ಹೇಳಿ.

ಕುಂದಾಪ್ರ ಕಿಟ್ಟಿ:

ಥಂಡರ್‌ಬರ್ಡ್ 2. ಇದಕ್ಕೆ ಚರ್ಚೆ ಎಂತಕ್ಕೆ ಮಾರಾಯ್ರೆ?

ಲೇತ್ ಮೇಷ್ಟ್ರು:

ನನ್ನ ಓಟು ನಿಮ್ಮ ಮಗನಿಗೆ.

ಪೀಣ್ಯದಲ್ಲಿ ಮೂವತ್ತೆರಡು ವರ್ಷ ಲೇತ್ ಮುಂದೆ ನಿಂತವನು ನಾನು. ಯಾವ ಯಂತ್ರ ಕಂಡರೂ ಇದನ್ನ ಬಿಚ್ಚೋದು ಎಲ್ಲಿಂದ, ಕೆಟ್ಟರೆ ಕೈ ಎಲ್ಲಿಗೆ ಹೋಗಬೇಕು ಅಂತ ಕಣ್ಣು ಹುಡುಕುತ್ತೆ. ಟಿವಿ ನೌಕೆಗಳಲ್ಲಿ ಈಗಲ್ ಒಂದೇ ಆ ಪ್ರಶ್ನೆಗೆ ಪೂರಾ ಉತ್ತರ ಕೊಟ್ಟಿದ್ದು. ಬೆನ್ನೆಲುಬು ಅಂದ್ರೆ ಪೈಪುಗಳ ಜಾಲರಿ, ಹೊರಗೇ ಕಾಣುತ್ತೆ, ಮುಚ್ಚುಮರೆ ಇಲ್ಲ. ಮುಂದೆ ಪೈಲಟ್‌ಗಳು ಕೂರೋ ಮೂತಿ, ಹಿಂದೆ ಎಂಜಿನ್ನು, ನಾಲ್ಕು ಮೂಲೆಗೆ ನಾಲ್ಕು ಕಾಲು. ನಡುವಿನ ಡಬ್ಬಿ ಕೆಲಸಕ್ಕೆ ತಕ್ಕ ಹಾಗೆ ಬದಲಾಗುತ್ತೆ: ಜನಕ್ಕೆ ಒಂದು, ಸರಕಿಗೆ ಇನ್ನೊಂದು. ನಮ್ಮ ಟ್ರ್ಯಾಕ್ಟರ್‌ಗೆ ಇವತ್ತು ಟ್ರೈಲರು, ನಾಳೆ ನೇಗಿಲು ಕಟ್ಟೋ ಹಾಗೆ.

ಇದನ್ನ ರೂಪಿಸಿದ್ದು ಬ್ರಯಾನ್ ಜಾನ್ಸನ್. ಚಿತ್ರೀಕರಣಕ್ಕೆ ಬಳಸಿದ ದೊಡ್ಡ ಮಾದರಿ 44 ಇಂಚು, ಅಂದ್ರೆ ಹತ್ತಿರ ಹತ್ತಿರ 112 ಸೆಂ.ಮೀ. ಇಳಿಯೋ ದೃಶ್ಯ ಇನ್ನೊಮ್ಮೆ ನೋಡಿ. ಪಾದ ನೆಲಕ್ಕೆ ಮುಟ್ಟಿದ ಮೇಲೆ ಮೈ ಒಂದಿಷ್ಟು ಕೆಳಗೆ ಕುಗ್ಗಿ ಆಮೇಲೆ ನಿಲ್ಲುತ್ತೆ. ಕಾಲಿನೊಳಗೆ ನಿಜವಾದ ಸ್ಪ್ರಿಂಗ್ ಇತ್ತು. ಹೊಟ್ಟೆ ಕೆಳಗಿನಿಂದ ಗ್ಯಾಸ್ ಬಿಟ್ಟು ಧೂಳು ಎಬ್ಬಿಸ್ತಿದ್ದರು. ಆ ಒಂದು ಕುಗ್ಗಿನಿಂದಲೇ ರಟ್ಟಿನ ಗೊಂಬೆಯಲ್ಲ, ಟನ್‌ಗಟ್ಟಲೆ ಭಾರದ ಯಂತ್ರ ಇಳೀತು ಅನ್ನಿಸುತ್ತೆ.

ಧಾರವಾಡದಾಂವ:

ಮೇಷ್ಟ್ರ, ಈಗಲ್ ಛಲೋ ಐತಿ, ಅದು ಖರೆ. ಆದ್ರ ಸರಣಿ ತುಂಬ ಬೀಳ್ತಾನ ಇರ್ತಾವಲ್ರೀ! 1999ರ ಸೆಪ್ಟೆಂಬರ್ 13ಕ್ಕ ಅಣುತ್ಯಾಜ್ಯ ಸಿಡಿದು ಚಂದ್ರ ಭೂಮಿ ಬಿಟ್ಟು ಹೋದ ಅಂತ ಕಥಿ. ಅಲ್ಲಿರೋರು ಮುನ್ನೂರು ಚಿಲ್ಲರ ಮಂದಿ. ಕಾರ್ಖಾನಿ ಇಲ್ಲ, ಭೂಮಿಯಿಂದ ಸಾಮಾನು ಬರೂ ಹಂಗಿಲ್ಲ. ಈ ವಾರ ಎರಡು ಈಗಲ್ ಚೂರು ಆದ್ರ ಮುಂದಿನ ವಾರ ಮತ್ತ ನಾಲ್ಕು ಸಾಲಾಗಿ ನಿಂತಿರ್ತಾವ. 48 ಕಂತಿನ್ಯಾಗ ಇದಕ್ಕ ಒಂದು ಸರಿಯಾದ ಉತ್ತರ ಕೊಡಬೇಕಾಗಿತ್ತು ಅವರು. ಇದು ಸಣ್ಣ ತಪ್ಪಲ್ಲ.

ಲೇತ್ ಮೇಷ್ಟ್ರು:

ಅದಕ್ಕೇ ಡಬ್ಬಿ ಡಬ್ಬಿಯಾಗಿ ಮಾಡಿರೋದು ಸ್ವಾಮಿ. ಒಂದರ ಮೂತಿ ಹೋಯ್ತು, ಇನ್ನೊಂದರ ಎಂಜಿನ್ ಹೋಯ್ತು ಅಂದ್ರೆ ಉಳಿದದ್ದು ಸೇರಿಸಿ ಒಂದು ಎಬ್ಬಿಸಬಹುದು. ನಮ್ಮ ವರ್ಕ್‌ಶಾಪಿನಲ್ಲಿ ಎರಡು ಸತ್ತ ಮೆಷಿನ್‌ನಿಂದ ಒಂದು ಬದುಕಿದ ಮೆಷಿನ್ ಎಷ್ಟು ಸಲ ಮಾಡಿಲ್ಲ! ಆದರೆ ಅದನ್ನ ಕಥೆಯಲ್ಲಿ ತೋರಿಸಬೇಕಿತ್ತು ಅನ್ನೋದು ಒಪ್ಪತಕ್ಕ ಮಾತು.

ಕುಂದಾಪ್ರ ಕಿಟ್ಟಿ:

ಒಂದು ಸಾಲು ಸಾಲದು ಅಂದ್ರಲ್ಲ, ಈಗ ಪೂರ್ತಿ ಹೇಳ್ತೇನೆ.

ಥಂಡರ್‌ಬರ್ಡ್ಸ್ 1965ರ ಸೆಪ್ಟೆಂಬರ್ 30ಕ್ಕೆ ಬ್ರಿಟನ್ನಿನ ಐಟಿವಿಯಲ್ಲಿ ಶುರುವಾದದ್ದು. ಗೆರ್ರಿ ಆಂಡರ್ಸನ್, ಸಿಲ್ವಿಯಾ ಆಂಡರ್ಸನ್ ದಂಪತಿಯ ಸೃಷ್ಟಿ. ನಟರು ಅಂತ ಇಲ್ಲ, ಎಲ್ಲ ದಾರದ ಬೊಂಬೆ. ಉಪ್ಪಿನಕುದ್ರುವಿನ ಗೊಂಬೆಯಾಟ ಕಂಡು ಬೆಳೆದವನಿಗೆ ಬೊಂಬೆ ಅಂದ್ರೆ ಕಡಿಮೆ ಅಂತ ಅನಿಸೋದೇ ಇಲ್ಲ. ಬೊಂಬೆ ನಡೆಯುವಾಗ ಕಾಲು ಸರಿ ಬರುದಿಲ್ಲ, ಅದಕ್ಕೇ ಅವರನ್ನ ಆದಷ್ಟು ವಾಹನದಲ್ಲಿ ಕೂರಿಸಿದ್ರು. ಹಾಗಾಗಿ ವಾಹನಗಳೇ ನಿಜವಾದ ಪಾತ್ರಧಾರಿಗಳಾದ್ವು.

ಥಂಡರ್‌ಬರ್ಡ್ 2 ಹೊರಡುದನ್ನ ನೆನಪು ಮಾಡ್ಕೊಳ್ಳಿ. ಅದರ ಪೈಲಟ್ ವರ್ಜಿಲ್ ಗೋಡೆಯ ಚಿತ್ರಕ್ಕೆ ಬೆನ್ನು ಕೊಟ್ಟು ನಿಲ್ತಾನೆ, ಚಿತ್ರ ತಿರುಗ್ತದೆ, ತಲೆ ಕೆಳಗಾಗಿ ಜಾರಿಕೊಂಡು ಹೋಗ್ತಾನೆ. ಕೆಳಗೆ ಆರು ಪಾಡ್‌ಗಳು, ಅಂದ್ರೆ ಯಂತ್ರ ತುಂಬಿದ ಡಬ್ಬಿಗಳು, ಸಾಲಾಗಿ ಸರೀತಾ ಇರ್ತವೆ, ಬೇಕಾದ ಪಾಡ್ ಬಂದ ಕೂಡಲೇ ಹಸಿರು ವಿಮಾನ ಅದರ ಮೇಲೆ ಕೂರ್ತದೆ. ಬಂಡೆಯಂಥ ಬಾಗಿಲು ಬೀಳ್ತದೆ, ದಾರಿಯ ಎರಡೂ ಬದಿಯ ತಾಳೆಮರಗಳು ಹಿಂದಕ್ಕೆ ವಾಲಿ ದಾರಿ ಬಿಡ್ತವೆ. ಜನರ ಜೀವ ಉಳಿಸುವ ಅವಸರದ ಕೆಲಸಕ್ಕೆ ಹೊರಟ ವಾಹನ ಇಷ್ಟು ನಿಧಾನಕ್ಕೆ ಹೊರಡ್ತದೆ, ಆದ್ರೂ ಒಂದು ಕ್ಷಣ ಬೇಜಾರು ಬರುದಿಲ್ಲ. ತೇರು ಎಳೆಯುವ ಮುಂಚೆ ಮಿಣಿ ಬಿಗಿಯುವ ಹೊತ್ತಿನ ಹಾಗೆ.

ವಿಶೇಷ ಪರಿಣಾಮ ಡೆರೆಕ್ ಮೆಡಿಂಗ್ಸ್ ಅವರದ್ದು. ಎಲ್ಲ ವಿಮಾನದ ರೆಕ್ಕೆ ಹಿಂದಕ್ಕೆ ಬಾಗಿದ್ರೆ ಇದರದ್ದು ಮುಂದಕ್ಕೆ. ಬೇರೆ ಥರ ಕಾಣಬೇಕು ಅಂತಲೇ ಹಾಗೆ ಮಾಡಿದ್ದು. ಮಾದರಿಗಳಿಗೆ ಎಣ್ಣೆ ಕಲೆ, ಮಸಿ, ಗೀರು ಬಳಿದು ಬಳಸಿದ ವಾಹನದ ಹಾಗೆ ಕಾಣುವಂತೆ ಮಾಡ್ತಿದ್ರು.

ತುಮಕೂರು ತಮ್ಮಯ್ಯ:

ಅಮೆರಿಕದ ಸರಣಿ ಅಲ್ವಾ ಅದು? ಎಲ್ಲಾ ಅಮೆರಿಕನ್ನರ ಹಾಗೇ ಮಾತಾಡ್ತಾರೆ.

ಕುಂದಾಪ್ರ ಕಿಟ್ಟಿ:

ಅಲ್ಲ. ಲಂಡನ್ ಹತ್ತಿರದ ಸ್ಲೌ ಅಂತ ಊರಿನ ಕೈಗಾರಿಕಾ ವಸಾಹತಿನಲ್ಲಿ ತೆಗೆದದ್ದು. ಅಮೆರಿಕಕ್ಕೆ ಮಾರಬೇಕು ಅಂತ ಆ ಉಚ್ಚಾರ. ಕಥೆಯ ನಾಯಕರಾದ ಟ್ರೇಸಿ ಅಣ್ಣತಮ್ಮಂದಿರ ಹೆಸರೂ ಅಮೆರಿಕದ ಮರ್ಕ್ಯುರಿ ಗಗನಯಾತ್ರಿಗಳದ್ದೇ: ಸ್ಕಾಟ್ ಕಾರ್ಪೆಂಟರ್, ವರ್ಜಿಲ್ ಗ್ರಿಸಮ್, ಅಲನ್ ಶೆಪರ್ಡ್, ಗಾರ್ಡನ್ ಕೂಪರ್, ಜಾನ್ ಗ್ಲೆನ್.

ನಿಶಾಚರಿ:

ಎಂಟರ್‌ಪ್ರೈಸ್ ಆಗಲೇ ಕಪಾಟಿನಲ್ಲಿದೆ ಅಂತ ಯಾರೂ ಅದರ ಸುದ್ದಿಗೇ ಹೋಗ್ತಿಲ್ಲ. ಇದು ಅನ್ಯಾಯ. ಉಳಿದೆಲ್ಲ ನೌಕೆಗಳಿಗೂ ಅಳತೆಗೋಲು ಅದೇ ತಾನೇ?

ರೂಪಿಸಿದ ಮ್ಯಾಟ್ ಜೆಫ್ರೀಸ್ ಸ್ವತಃ ವಿಮಾನ ಹಾರಿಸುತ್ತಿದ್ದವರು. ಅದು ರೇಖೆ ರೇಖೆಯಲ್ಲೂ ಗೊತ್ತಾಗುತ್ತೆ. ಎಂಜಿನ್ ಅಷ್ಟು ಶಕ್ತಿಶಾಲಿ ಅಂದ ಮೇಲೆ ಅದು ಜನರಿಂದ ದೂರ ಇರಬೇಕು, ಅದಕ್ಕೇ ಎರಡು ಉದ್ದ ಕಂಬದ ತುದಿಗೆ ಹೋಯ್ತು. ಹೊರಮೈ ನುಣ್ಣಗಿದೆ, ಯಾಕಂದ್ರೆ ರಿಪೇರಿಯೆಲ್ಲ ಒಳಗಿನಿಂದಲೇ ಆಗಬೇಕು ಅನ್ನೋದು ಅವರ ಯೋಚನೆ. ಶೂನ್ಯದಲ್ಲಿ ಹೊರಗೆ ಹೋಗಿ ಸ್ಪ್ಯಾನರ್ ಹಿಡಿಯೋರು ಯಾರು? ಒಳಗೆ ತೆವಳಿಕೊಂಡು ಹೋಗೋ ಕೊಳವೆಗೆ ಜೆಫ್ರೀಸ್ ಟ್ಯೂಬ್ ಅಂತ ಅವರ ಹೆಸರೇ ಉಳೀತು. ನೌಕೆಯ ಮೈಮೇಲಿನ 1701 ಅಂಕಿಯೂ ಸುಮ್ಮನೆ ಬಂದದ್ದಲ್ಲ. ದೂರದಿಂದ 3, 6, 8, 9 ಒಂದಕ್ಕೊಂದು ಕಲಸಿ ಕಾಣುತ್ತವೆ, ಅವನ್ನ ಬಿಟ್ಟು ಆರಿಸಿದ್ದು.

ಮೇಷ್ಟ್ರೇ, ನಿಮ್ಮ ಈಗಲ್ ರಿಪೇರಿ ಮಾಡೋಕೆ ಹೊರಗೆ ಬರಬೇಕು. ಇದಕ್ಕೆ ಬೇಡ. ಉತ್ತರ ಹೇಳಿ.

ತುಮಕೂರು ತಮ್ಮಯ್ಯ:

ಆ ಎಂಟರ್‌ಪ್ರೈಸ್ ಒಂದು ಪ್ಲಾಸ್ಟಿಕ್ ಆಟಿಕೆ ಅಂತ ಓದಿದ್ದೆ.

ನಿಶಾಚರಿ:

ತಮ್ಮಯ್ಯನವರೇ, ನೀವು ಓದಿದ್ದು ಅಂಗಡಿಯಲ್ಲಿ ಮಾರಿದ ಕಿಟ್ ಬಗ್ಗೆ ಇರಬೇಕು. ಕ್ಯಾಮೆರಾ ಮುಂದೆ ನಿಂತ ದೊಡ್ಡದು 11 ಅಡಿ ಉದ್ದ. ಪಾಪ್ಲರ್ ಮರ, ತಗಡಿನ ಕೊಳವೆ, ಅಚ್ಚಿಗೆ ಎಳೆದ ಪ್ಲಾಸ್ಟಿಕ್, ಮೂರೂ ಸೇರಿದೆ. ಬಡಗಿ ಕೆಲಸ ಅದು! 1974ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಬಂತು, 2016ರಲ್ಲಿ ಪೂರ್ತಿ ದುರಸ್ತಿಯಾಗಿ ಲಿಂಡ್‌ಬರ್ಗ್ ವಿಮಾನ ಇರೋ ಅದೇ ದೊಡ್ಡ ಸಭಾಂಗಣ ಸೇರಿತು. ಅಕ್ಕನ ಮನೆಗೆ ಹೋದಾಗ ಒಂದು ಗಂಟೆ ಅದರ ಮುಂದೆ ನಿಂತಿದ್ದೆ, ಕಣ್ಣು ತುಂಬಿ ಬಂತು.

ಅದಕ್ಕೂ ಮುಂಚೆ ಮಾಡಿದ ಸುಮಾರು ಮೂರಡಿಯ ಚಿಕ್ಕದೊಂದು ಇತ್ತು. 70ರ ದಶಕದ ಕೊನೆಯಲ್ಲಿ ಯಾರಿಗೋ ಕೊಟ್ಟದ್ದು ವಾಪಸ್ ಬರಲೇ ಇಲ್ಲ. 2023ರಲ್ಲಿ ಆನ್‌ಲೈನ್ ಹರಾಜಿನಲ್ಲಿ ತಟ್ಟನೆ ಕಾಣಿಸಿಕೊಂಡು, 2024ರಲ್ಲಿ ಸೃಷ್ಟಿಕರ್ತ ಜೀನ್ ರಾಡನ್‌ಬೆರಿಯವರ ಮಗನ ಕೈ ಸೇರಿತು. ಹತ್ತಿರ ಹತ್ತಿರ ಐವತ್ತು ವರ್ಷ ಎಲ್ಲೋ ಇದ್ದು ಮನೆಗೆ ಬಂತು.

ರಟ್ಟಿನ ವಿಮಾನ ಅವರಿಗೆ ಒಂದು ಮಾತು. ದೊಡ್ಡ ಮಾದರಿಯ ಎಡಮೈ ಪೂರ್ತಿ ಮುಗಿಸಿಯೇ ಇಲ್ಲ, ದೀಪದ ವೈರುಗಳೆಲ್ಲ ಆ ಕಡೆಯಿಂದ ಹೊರಗೆ ಬರ್ತಿದ್ದವು. ಚಿತ್ರೀಕರಿಸಿದ್ದು ಬಲಮೈ. ನಿಮ್ಮದನ್ನೂ ಮೂತಿ ಬಲಕ್ಕೆ ಬರೋ ಹಾಗೆ ಇಡಿ, ಟಿವಿಯಲ್ಲಿ ಕಂಡ ಹಾಗೇ ಕಾಣುತ್ತೆ.

ರಟ್ಟಿನ ವಿಮಾನ:

ಈಗಷ್ಟೇ ತಿರುಗಿಸಿ ಇಟ್ಟೆ. ನಾಲ್ಕು ವರ್ಷ ಎಡಕ್ಕೆ ಮುಖ ಮಾಡಿತ್ತು!

ಹೂಸ್ಟನ್ ಕನ್ನಡತಿ:

ನಾವಿರೋದು ಹೂಸ್ಟನ್ನಿನಲ್ಲಿ. ಎಂಟರ್‌ಪ್ರೈಸ್ ಬಿಡಿ, ನನಗೆ ಅದರ ಮರಿ ನೌಕೆ ಗೆಲಿಲಿಯೋ ಇಷ್ಟ. ಏಳು ಜನ ಹತ್ತಿ ಅಪರಿಚಿತ ಗ್ರಹದಲ್ಲಿ ಸಿಕ್ಕಿಕೊಳ್ಳೋ ಕಂತು ಇದೆಯಲ್ಲ, ಅದರದ್ದು. ಸ್ಟಾರ್ ಟ್ರೆಕ್ ಶುರುವಾದಾಗ ದೊಡ್ಡ ನೌಕೆಯನ್ನ ಪ್ರತಿ ವಾರ ನೆಲಕ್ಕೆ ಇಳಿಸಿ ತೋರಿಸೋಕೆ ದುಡ್ಡು ಸಾಲದು ಅಂತ, ಮನುಷ್ಯರನ್ನೇ ಮಿನುಗಿಸಿ ಇಳಿಸೋ ಟ್ರಾನ್ಸ್‌ಪೋರ್ಟರ್ ಹುಟ್ಟಿತು. ಆಮೇಲೆ ಮಾದರಿ ಕಿಟ್ ತಯಾರಿಸೋ ಎಎಂಟಿ ಕಂಪನಿ ತನ್ನ ಖರ್ಚಿನಲ್ಲೇ ಗೆಲಿಲಿಯೋ ಕಟ್ಟಿಸಿಕೊಟ್ಟಿತು, ಅದಕ್ಕೆ ಬದಲಾಗಿ ಕಿಟ್ ಮಾರೋ ಹಕ್ಕು ಪಡೆಯಿತು. ಹೊರ ಆಕಾರ ಥಾಮಸ್ ಕೆಲಾಗ್ ಅವರದ್ದು, ಕಟ್ಟಿದ್ದು ಕಾರು ಕಟ್ಟೋದರಲ್ಲಿ ಹೆಸರಾದ ಜೀನ್ ವಿನ್‌ಫೀಲ್ಡ್.

ಸರಣಿ ನಿಂತ ಮೇಲೆ ಅದರ ಪಾಡು ನಾಯಿಪಾಡಾಯ್ತು. ಕೈಯಿಂದ ಕೈಗೆ ಹೋಗಿ, ಬಯಲಲ್ಲಿ ಮಳೆ ಬಿಸಿಲಿಗೆ ನಿಂತು ಕೊಳೀತು. ಕೊನೆಗೆ ಅಭಿಮಾನಿಗಳೇ ಕೊಂಡು ದುರಸ್ತಿ ಮಾಡಿಸಿ 2013ರಲ್ಲಿ ಇಲ್ಲಿನ ಸ್ಪೇಸ್ ಸೆಂಟರ್‌ಗೆ ತಂದರು. ಮಗಳನ್ನ ಕರಕೊಂಡು ಹೋಗಿದ್ದೆ. ಹತ್ತಿರ ನಿಂತಾಗಲೇ ಗೊತ್ತಾಗಿದ್ದು ಅದೆಷ್ಟು ಗಿಡ್ಡ ಅಂತ. ಟಿವಿಯಲ್ಲಿ ಒಳಗೆ ಎಲ್ಲರೂ ನೆಟ್ಟಗೆ ನಿಲ್ತಾರೆ, ಈ ಹೊರಮೈ ಒಳಗೆ ಅದು ಸಾಧ್ಯವೇ ಇಲ್ಲ. ಒಳಭಾಗ ಬೇರೆ ಸೆಟ್.

ಹೇಳಲೇಬೇಕಾದ ಇನ್ನೊಂದು: ನಾಸಾದ ಮೊದಲ ಶಟಲ್‌ಗೆ ಕಾನ್‌ಸ್ಟಿಟ್ಯೂಷನ್ ಅಂತ ಹೆಸರಿಡಬೇಕಿತ್ತು. ಅಭಿಮಾನಿಗಳು ಕಾಗದದ ಮೇಲೆ ಕಾಗದ ಬರೆದು 1976ರಲ್ಲಿ ಅದನ್ನ ಎಂಟರ್‌ಪ್ರೈಸ್ ಮಾಡಿಸಿದರು. ಅದು ಕಕ್ಷೆಗೆ ಹೋಗಲೇ ಇಲ್ಲ, ಇಳಿಯೋ ಪರೀಕ್ಷೆಗಷ್ಟೇ ಬಳಸಿದರು. ಹೆಸರು ಹೊತ್ತ ಶಟಲ್ ಒಂದು ಸಲವಾದರೂ ಮೇಲೆ ಹೋಗಬೇಕಿತ್ತು ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಅರಸೀಕೆರೆ ಜಂಕ್ಷನ್:

ಹೊರಗೆ ಗಿಡ್ಡ, ಒಳಗೆ ಎತ್ತರ! ಜುಪಿಟರ್ 2 ಕೂಡ ಹಾಗೇ ಅಲ್ವಾ? ಒಳಗೆ ಎರಡು ಅಂತಸ್ತು, ಹೊರಗಿನ ತಟ್ಟೆಯಲ್ಲಿ ಅಷ್ಟು ಜಾಗವೇ ಇಲ್ಲ. ಇವರೆಲ್ಲ ತಪ್ಪನ್ನ ಮುಚ್ಚಿಟ್ಟರು. ಡಾಕ್ಟರ್ ಹೂನವರು ಮಾತ್ರ ಅದನ್ನೇ ಕಥೆ ಮಾಡಿಕೊಂಡರು. ಹೊರಗೆ ನೋಡಿದರೆ ಒಬ್ಬ ಪೇದೆ ನಿಲ್ಲೋ ಪೆಟ್ಟಿಗೆ, ಬಾಗಿಲು ತೆಗೆದರೆ ಅರಮನೆ.

ನಮಗಿದು ಹೊಸದೇನಲ್ಲ. ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತೆ ಅಂತ ಅಜ್ಜಿ ಹೇಳ್ತಿದ್ದ ಕಥೆ ಕೇಳಿಯೇ ಮಲಗ್ತಿದ್ದೆವು. ಟಾರ್ಡಿಸ್ ಕಂಡ ದಿನ ನನಗೆ ಆಶ್ಚರ್ಯಕ್ಕಿಂತ ಗುರುತು ಹತ್ತಿದ ಖುಷಿ ಆಗಿದ್ದು.

ಆ ನೀಲಿ ಪೆಟ್ಟಿಗೆ ಲಂಡನ್ ಪೊಲೀಸರ ನಿಜವಾದ ಪೆಟ್ಟಿಗೆ. 1929ರ ಹೊತ್ತಿಗೆ ಗಿಲ್ಬರ್ಟ್ ಮೆಕೆಂಜಿ ಟ್ರೆಂಚ್ ರೂಪಿಸಿದ್ದು, ಕಾಂಕ್ರೀಟಿನ ಮೈ, ತೇಗದ ಬಾಗಿಲು. ಜನ ಅದರ ಫೋನಿನಿಂದ ಠಾಣೆಗೆ ಮಾತಾಡಬಹುದಿತ್ತು. ಮೇಲಿನ ದೀಪ ಮಿನುಗಿದರೆ ಬೀಟ್ ಪೇದೆ ಬಂದು ಠಾಣೆಗೆ ಫೋನ್ ಮಾಡಬೇಕು. ಹೋದ ಕಡೆಯೆಲ್ಲ ರೂಪ ಬದಲಿಸಬೇಕಾದ ನೌಕೆ ಅದು, ಆದರೆ ಪ್ರತಿ ಕಥೆಗೂ ಹೊಸ ರೂಪ ಕಟ್ಟೋದು ಬಿಬಿಸಿಗೆ ದುಬಾರಿ. ಹಾಗಾಗಿ ರೂಪ ಬದಲಿಸೋ ಭಾಗ ಕೆಟ್ಟು ಪೆಟ್ಟಿಗೆಯಾಗೇ ಉಳೀತು ಅಂತ ಕಥೆ ಹೆಣೆದರು. ಹೊರಡುವಾಗಿನ ಆ ಏದುಸಿರಿನ ಸದ್ದು ಬ್ರಯಾನ್ ಹಾಡ್ಜ್‌ಸನ್ ಹಳೇ ಪಿಯಾನೋ ತಂತಿಯ ಮೇಲೆ ಮನೆ ಬೀಗದ ಕೈ ಎಳೆದು ಮಾಡಿದ್ದು. ಹಣ ಇಲ್ಲದ ಕಡೆ ಬುದ್ಧಿ ಓಡೋದು ಹೀಗೆ.

ನಿಶಾಚರಿ:

ಇದಕ್ಕೆ ಒಂದು ಸೇರಿಸಿ. 1963ರ ನವೆಂಬರ್ 23ರ ಮೊದಲ ಕಂತನ್ನ ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌದಲ್ಲಿ. ಆಗ ಅವರಿಗೆ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರೂ ಇಪ್ಪತ್ತೇಳರ ಹುಡುಗಿ. ಹಿಂದಿನ ದಿನವಷ್ಟೇ ಕೆನಡಿ ಹತ್ಯೆಯಾಗಿತ್ತು, ಅದಕ್ಕೇ ಮೊದಲ ಕಂತನ್ನ ಮುಂದಿನ ವಾರ ಮತ್ತೆ ಹಾಕಿದರು. ಟಾರ್ಡಿಸ್ ಬಾಗಿಲನ್ನ ಜಗತ್ತಿಗೆ ಮೊದಲು ತೆರೆದು ತೋರಿಸಿದ್ದು ನಮ್ಮ ನೆಲದಲ್ಲಿ ಹುಟ್ಟಿದವರು ಅನ್ನೋದು ಎಲ್ಲರಿಗೂ ಗೊತ್ತಿರಬೇಕು.

ಆಂಟೆನಾ ತಿರುಗಿಸಿದವ:

ಈ ಹೆಸರುಗಳನ್ನೆಲ್ಲ ಓದ್ತಾ ಎಲ್ಲಿಗೋ ಹೋಗಿಬಿಟ್ಟೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಸ್ಟಾರ್ ಟ್ರೆಕ್ ಬರ್ತಿತ್ತು. ನಮ್ಮ ವಠಾರದಲ್ಲಿ ಇದ್ದದ್ದು ಒಂದೇ ಟಿವಿ, ಅದೂ ಕಪ್ಪು ಬಿಳುಪು, ಮರದ ಶಟರ್‌ನದ್ದು. ನಾನು ತಾರಸಿ ಮೇಲೆ ಆಂಟೆನಾ ಹಿಡಿದು ನಿಲ್ಲೋದು, ತಮ್ಮ ಕಿಟಕಿಯಿಂದ "ಬಂತು, ಬಂತು, ಹೋಯ್ತು" ಅಂತ ಕೂಗೋದು. ಇಂಗ್ಲಿಷ್ ಒಂದಕ್ಷರ ತಿಳೀತಿರಲಿಲ್ಲ. ಆ ತಟ್ಟೆ ತಲೆಯ ನೌಕೆ ಪರದೆ ದಾಟಿ ಹೋಗೋದನ್ನ ಕಂಡು ಶಾಲೆಯಲ್ಲಿ ಎಲ್ಲರೂ ನೋಟ್‌ಬುಕ್ ಹಿಂದಿನ ಪುಟದಲ್ಲಿ ಅದನ್ನೇ ಬರೀತಿದ್ದೆವು.

ಬಣ್ಣದ್ದು ಕಂಡಿದ್ದು ಎಷ್ಟೋ ವರ್ಷದ ಮೇಲೆ. ಅವರ ಅಂಗಿಗಳು ಹಳದಿ, ನೀಲಿ, ಕೆಂಪು ಅಂತ ಗೊತ್ತಾದಾಗ ಆದ ಸಂಭ್ರಮ ಮರೆಯೋಕಾಗಲ್ಲ. ನನ್ನ ಲೆಕ್ಕದಲ್ಲಿ ಎಲ್ಲಾ ಬೂದು ಬಣ್ಣ ಆಗಿತ್ತು.

ಆಮೇಲೆ ಬಂದದ್ದು ಸ್ಟ್ರೀಟ್ ಹಾಕ್ ಬೈಕು. ಹದಿಮೂರೇ ಕಂತು. ಆದರೂ ನಮ್ಮ ಬೀದಿಯ ಪ್ರತಿ ಬಾಡಿಗೆ ಸೈಕಲ್ಲೂ ಆ ಬೇಸಿಗೆ ಪೂರ್ತಿ ಸ್ಟ್ರೀಟ್ ಹಾಕ್ ಆಗಿತ್ತು. ಅದನ್ನ ಸೇರಿಸಬಹುದಾ?

ಚಿಕ್ಕಪೇಟೆ ಚಾಲಕ:

ರಸ್ತೆ ಮೇಲಿನದ್ದೂ ಲೆಕ್ಕಕ್ಕೆ ಅನ್ನೋದಾದರೆ ನೈಟ್ ರೈಡರ್ ಸರಣಿಯ ಕಿಟ್ ಅನ್ನೋ ಹೆಸರಿನ ಕಾರಿನ ಮುಂದೆ ಯಾವುದೂ ಇಲ್ಲ ಗುರು. 1982ರ ಪಾಂಟಿಯಾಕ್ ಟ್ರಾನ್ಸ್ ಆಮ್. ಮಾತಾಡುತ್ತೆ, ಬೈಯುತ್ತೆ, ಬೇಜಾರು ಮಾಡ್ಕೊಳ್ಳುತ್ತೆ. ದನಿ ವಿಲಿಯಂ ಡೇನಿಯಲ್ಸ್ ಅವರದ್ದು, ತೆರೆ ಮೇಲೆ ಹೆಸರು ಬೇಡ ಅಂತ ಅವರೇ ಹೇಳಿದ್ದರಂತೆ. ಖಾಲಿ ಕಾರು ತಾನೇ ಓಡೋ ದೃಶ್ಯಗಳಲ್ಲಿ ಸ್ಟಂಟ್ ಡ್ರೈವರ್ ಸೀಟಿನ ಒಳಗೇ ಅಡಗಿ ಓಡಿಸ್ತಿದ್ದರು. ನಾನು ಹದಿನೆಂಟು ವರ್ಷ ಟ್ಯಾಕ್ಸಿ ಓಡಿಸಿದವನು. ರಾತ್ರಿ ಎರಡು ಗಂಟೆಗೆ ತುಮಕೂರು ರಸ್ತೆಯಲ್ಲಿ ಒಬ್ಬನೇ ಬರುವಾಗ ಗಾಡಿ ಒಂದು ಮಾತಾಡಿದ್ದರೆ ಅಂತ ಎಷ್ಟು ಸಲ ಅನಿಸಿದೆ. ಒಂಟಿ ಮನುಷ್ಯನಿಗೆ ಜೊತೆಗಾರ ಅದು.

ಮೂತಿಯ ಆ ಕೆಂಪು ದೀಪ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾದ ಸೈಲಾನ್ ರೋಬೋಟ್ ಕಣ್ಣಿನ ತಮ್ಮ. ಎರಡೂ ಗ್ಲೆನ್ ಲಾರ್ಸನ್ ಅವರದ್ದೇ.

ನಿಶಾಚರಿ:

ಕಾರು, ಬೈಕು ಬೇಡ. ಕೇಳಿರೋದು ಥಂಡರ್‌ಬರ್ಡ್ 2 ಅಥವಾ ಈಗಲ್.

ಚಿಕ್ಕಪೇಟೆ ಚಾಲಕ:

ಹಾಗಾದರೆ ಫ್ಯಾಬ್ 1 ಗುಲಾಬಿ ರೋಲ್ಸ್-ರಾಯ್ಸ್ ಕೂಡ ಥಂಡರ್‌ಬರ್ಡ್ಸ್‌ನದ್ದೇ ಅಲ್ವಾ? ಆರು ಚಕ್ರ! ವಾಹನ ಅಂದ ಮೇಲೆ ವಾಹನ. ರಸ್ತೆ ಮೇಲೆ ಓಡಿದ ಮಾತ್ರಕ್ಕೆ ಕೀಳಾಗಿ ನೋಡೋದು ಸರಿಯಲ್ಲ.

ಧಾರವಾಡದಾಂವ:

ಇಬ್ಬರೂ ಸಮಾಧಾನ ಮಾಡ್ಕೋರಿ. ನಂದೊಂದು ಹೆಸರು ಯಾರೂ ತಗೊಂಡಿಲ್ಲ: ಬ್ಲೇಕ್ಸ್ 7ರ ಲಿಬರೇಟರ್. 1978ರಿಂದ 81ರ ತನಕ ಬಿಬಿಸಿದಾಗ ಬಂತು, 52 ಕಂತು. ಮೂರು ಚೂಪು ಕಂಬ, ಹಿಂದ ಒಂದು ಹಸಿರು ಗುಂಡು. ಖರ್ಚು ಮಾಡಾಕ ಅವರ ಹಂತೇಕ ರೊಕ್ಕ ಇರಲಿಲ್ಲ, ನೋಡಿದ್ರ ತಿಳೀತದ. ಆದ್ರ ಅದು ಇವರು ಕಟ್ಟಿದ ನೌಕೆ ಅಲ್ಲ, ಎಲ್ಲೋ ಅನಾಥಾಗಿ ತೇಲತಿದ್ದದ್ದು ಸಿಕ್ಕದ್ದು. ಕೈದಿಗಳಾಗಿ ಹೊಂಟವರಿಗೆ ಸಿಕ್ಕ ಬಿಡುಗಡಿ ಅದು. ಮೂರನೇ ವರ್ಷದ ಕಡೀ ಕಂತಿನ್ಯಾಗ ಅದು ಕೊಳತು ಕರಗಿ ಹೋಗೂದು ನೋಡಿ ನಾ ಎರಡು ದಿವಸ ಸರಿಯಾಗಿ ಊಟ ಮಾಡಲಿಲ್ರೀ. ನೌಕೆ ಸಾಯೂದನ್ನ ಮನುಷ್ಯಾ ಸಾಯೂ ಹಂಗ ತೋರಿಸ್ಯಾರ.

ಲೇತ್ ಮೇಷ್ಟ್ರು:

ನಿಶಾಚರಿ ಅಮ್ಮಾ, ನಿಮ್ಮ ಪ್ರಶ್ನೆಗೆ ಬರ್ತೀನಿ. ಒಳಗಿನಿಂದ ರಿಪೇರಿ ಅನ್ನೋದು ದೊಡ್ಡ ಹಡಗಿಗೆ ಸರಿ. ಈಗಲ್ ಸಣ್ಣ ಗಾಡಿ, ರಿಪೇರಿ ಆಗೋದು ಚಂದ್ರನ ಮೇಲಿನ ಆಲ್ಫಾ ನೆಲೆಯ ಹ್ಯಾಂಗರ್‌ನಲ್ಲಿ. ಬಸ್ಸನ್ನ ದಾರಿ ಮೇಲೆ ಬಿಚ್ಚಲ್ಲ, ಡಿಪೋಗೆ ತರ್ತೀವಿ.

ಇನ್ನೂ ಒಂದು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಂ ಚಂದ್ರನ ಮೇಲೆ ಇಳಿಯೋದನ್ನ ನಮ್ಮ ವರ್ಕ್‌ಶಾಪಿನಲ್ಲಿ ಮೆಷಿನ್ ಎಲ್ಲಾ ನಿಲ್ಲಿಸಿ ನೋಡಿದೆವು. ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್ ಇರೋದು ನಮ್ಮ ಪೀಣ್ಯದಲ್ಲೇ ತಾನೇ. ನಾಲ್ಕು ಕಾಲಿನ ಮೇಲೆ ನಿಂತ ಅದನ್ನ ಕಂಡ ಕೂಡಲೇ ನನ್ನ ಬಾಯಿಂದ ಬಂದದ್ದು "ಈಗಲ್!" 2019ರ ಸೋಲಿನ ಮೇಲೆ ಕಾಲುಗಳನ್ನ ಇನ್ನಷ್ಟು ಗಟ್ಟಿ ಮಾಡಿದ್ದರು. ಸೆಪ್ಟೆಂಬರ್ 3ಕ್ಕೆ ಎಂಜಿನ್ ಮತ್ತೆ ಹೊತ್ತಿಸಿ ಸುಮಾರು 40 ಸೆಂ.ಮೀ. ಮೇಲೆದ್ದು ಪಕ್ಕದಲ್ಲೇ ಇಳಿಸಿದರು. ಒಂದು ಮೊಳದಷ್ಟೂ ಇಲ್ಲ, ಆದರೆ ಇಳಿದದ್ದು ಮತ್ತೆ ಎದ್ದಿತಲ್ಲ! ಈಗಲ್ ಮಾಡ್ತಿದ್ದ ಕೆಲಸ ಅದೇ. ಯಾಕೆ ಈಗಲ್ ಅಂದ್ರೆ ಇದಕ್ಕೇ.

ರಟ್ಟಿನ ವಿಮಾನ:

ಮೇಷ್ಟ್ರ ಮಾತು ಓದಿ ಮಗ ಕುಣೀತಾ ಇದಾನೆ. ಈಗಲ್‌ಗೇ ಹೋಗಬೇಕಾಗುತ್ತೆ ಅನ್ನಿಸ್ತಿದೆ. ಥಂಡರ್‌ಬರ್ಡ್ ಪಕ್ಷದವರು ಏನಾದರೂ ಹೇಳೋದಿದ್ದರೆ ಇವತ್ತೇ ಹೇಳಿ.

ಕೋಲಾರದ ಮೊಮ್ಮಗಳು:

ಇಲ್ಲಿ ಓದ್ತಾ ಇರ್ತೀನಿ, ಬರೆಯೋದು ಅಪರೂಪ. ಇವತ್ತು ಬರೀಲೇಬೇಕು.

ನಮ್ಮ ತಾತ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಚಾಂಪಿಯನ್ ರೀಫ್ ಅಂದ್ರೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳದಲ್ಲಿ ಬಂಡೆ ತಾನೇ ಒತ್ತಡಕ್ಕೆ ಸಿಡಿಯುತ್ತೆ, ರಾಕ್ ಬರ್ಸ್ಟ್ ಅಂತಾರೆ. ಮೇಲಿನ ಮನೆಗಳ ಪಾತ್ರೆ ನಡುಗುತ್ತಿತ್ತು. ಪಾತ್ರೆ ನಡುಗಿದರೆ ಅಜ್ಜಿ ಒಲೆ ಆರಿಸಿ ಬಾಗಿಲಿಗೆ ಬಂದು ನಿಲ್ಲೋರು. ಬೀದಿಯ ಎಲ್ಲಾ ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು. ಯಾರೂ ಮಾತಾಡ್ತಿರಲಿಲ್ಲವಂತೆ. ಪಾಳಿ ಮುಗಿದು ಗಂಡಸರು ಬರೋ ತನಕ ಹಾಗೇ.

ಥಂಡರ್‌ಬರ್ಡ್ಸ್ ಹುಟ್ಟಿದ್ದು ಒಂದು ಗಣಿ ದುರಂತದಿಂದ ಅಂತ ಇಲ್ಲಿ ಯಾರೂ ಹೇಳಲಿಲ್ಲ. 1963ರ ಅಕ್ಟೋಬರ್ 24ಕ್ಕೆ ಪಶ್ಚಿಮ ಜರ್ಮನಿಯ ಲೆಂಗೆಡೆ ಕಬ್ಬಿಣದ ಗಣಿಗೆ ಮೇಲಿನ ಕೊಳದ ನೀರು, ಕೆಸರು ನುಗ್ಗಿತು. 29 ಜನ ಸತ್ತರು. ಉಳಿದವರಿಗಾಗಿ ಮೇಲಿನಿಂದ ರಂಧ್ರ ಕೊರೆದರು. ಎರಡು ವಾರ ಆದ ಮೇಲೆ, ನವೆಂಬರ್ 7ಕ್ಕೆ, 11 ಜನರನ್ನ ಒಬ್ಬೊಬ್ಬರನ್ನಾಗಿ ಒಂದು ಕಿರಿದಾದ ಉಕ್ಕಿನ ಕೊಳವೆಯಲ್ಲಿ ಜೀವಂತ ಮೇಲೆತ್ತಿದರು. ಕೊರೆಯೋ ದೊಡ್ಡ ಯಂತ್ರ ಬ್ರೆಮೆನ್‌ನಿಂದ ಬರಬೇಕಿತ್ತು, ಅದು ಬರೋ ತನಕ ಕಾಯಬೇಕಿತ್ತು. ಆ ಸುದ್ದಿ ಗೆರ್ರಿ ಆಂಡರ್ಸನ್ ತಲೆಗೆ ಹೊಕ್ಕಿತು. ಬೇಕಾದ ಯಂತ್ರವನ್ನ ಹೊತ್ತು ತಕ್ಷಣ ಹಾರಿ ಬರೋ ಒಂದು ವಿಮಾನ ಇದ್ದಿದ್ದರೆ?

ಆ ವಿಮಾನವೇ ಥಂಡರ್‌ಬರ್ಡ್ 2. ಅದು ಯುದ್ಧಕ್ಕೆ ಹೋಗೋದಲ್ಲ, ಊರು ನೋಡೋಕೆ ಹೋಗೋದೂ ಅಲ್ಲ. ಕಾಲು ಚಾಚಿ ಮೇಲೆದ್ದು ಪಾಡ್ ಬಿಡುತ್ತೆ, ಬಾಗಿಲು ತೆರೆದು ನೆಲ ಕೊರೆಯೋ ಯಂತ್ರ ಮೋಲ್ ಹೊರಗೆ ಬರುತ್ತೆ. ತಿರುಪಿನ ಮೂತಿ ಓರೆಯಾಗಿ ನೆಲಕ್ಕೆ ಇಳಿದು, ಹೊತ್ತು ತಂದ ಗಾಡಿಯನ್ನ ಮೇಲೇ ಬಿಟ್ಟು ಒಳಗೆ ಹೋಗುತ್ತೆ. ಚಿಕ್ಕಪ್ಪ ತಂದ ಸಿಡಿಯಲ್ಲಿ ಅದನ್ನ ಮೊದಲು ನೋಡಿದಾಗ ಅಜ್ಜಿ ಪಕ್ಕದಲ್ಲೇ ಅವರೆಕಾಳು ಬಿಡಿಸ್ತಿದ್ದರು. ಕೈ ನಿಲ್ಲಿಸಿ ನೋಡಿದರು. "ಇಂಥದ್ದು ನಮ್ಮಲ್ಲಿ ಇತ್ತಾ?" ಅಂತ ಕೇಳಿದರು. ಅಷ್ಟು ಹೊತ್ತಿಗೆ ಗಣಿ ಮುಚ್ಚಿ ವರ್ಷಗಳಾಗಿತ್ತು.

ನನಗೆ ಈಗಲ್ ಮೇಲೆ ಕೋಪ ಇಲ್ಲ. ಆದರೆ ದಯವಿಟ್ಟು ಥಂಡರ್‌ಬರ್ಡ್ 2 ಮಾಡಿ. ಮೋಲ್ ಜೊತೆಗೇ ಮಾಡಿ.

ಕುಂದಾಪ್ರ ಕಿಟ್ಟಿ:

ಅಕ್ಕಾ, ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಹೊರಗಿನ ಚಂದ. ಹೇಳಬೇಕಾದ್ದನ್ನ ನೀವು ಹೇಳಿದ್ರಿ.

ಆಂಟೆನಾ ತಿರುಗಿಸಿದವ:

ಅಜ್ಜಿಗೆ ನನ್ನ ನಮಸ್ಕಾರ ಹೇಳಿ ತಂಗೀ.

ರಟ್ಟಿನ ವಿಮಾನ:

ಅದನ್ನ ಮಗನಿಗೆ ಜೋರಾಗಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಸ್ಕೇಲು ತಂದು ಲೆಕ್ಕ ಹಾಕೋಕೆ ಕೂತ. ಥಂಡರ್‌ಬರ್ಡ್ 2 ಕಥೆಯಲ್ಲಿ 250 ಅಡಿ, ಅಂದ್ರೆ 76 ಮೀಟರ್. ನಾವು 40 ಸೆಂ.ಮೀ.ಗೆ ಮಾಡಿದರೆ 190ರಲ್ಲಿ ಒಂದು ಪಾಲು. ಪಾಡ್ ಹೊರಗೆ ಬರೋ ಹಾಗೆ ಇರಬೇಕು, ಕಾಲು ನಾಲ್ಕೂ ಚಾಚಬೇಕು, ಒಳಗೆ ಮೋಲ್ ಇರಬೇಕು ಅಂತ ಅವನ ಷರತ್ತು. ಕಾಲಿಗೆ ಛತ್ರಿ ಕಡ್ಡಿ ಆಗುತ್ತೆ. ಮೈಗೆ ರಟ್ಟು, ಮೇಲೆ ಕಾಗದ. ಮೋಲ್‌ನ ತಿರುಪಿನ ಮೂತಿಯೇ ಸಮಸ್ಯೆ. ಅಷ್ಟು ಚಿಕ್ಕದರಲ್ಲಿ ಸುರುಳಿ ಗೆರೆ ರಟ್ಟಿನಲ್ಲಿ ಬರಲ್ಲ, ಸ್ಕ್ರೂ ಇಟ್ಟರೆ ಆಕಾರ ಸರಿಹೋಗಲ್ಲ.

ಲೇತ್ ಮೇಷ್ಟ್ರು:

ಮೂತಿ ನಾನು ಮಾಡಿಕೊಡ್ತೀನಿ. ಹಿತ್ತಾಳೆಯಲ್ಲಿ ಟೇಪರ್ ಹೊಡೆದು ಸುರುಳಿ ಕೊರೀತೀನಿ, ಮಿಂಚುತ್ತೆ. ಅಳತೆ ಕಳಿಸಿ, ಎರಡು ಮಾಡ್ತೀನಿ. ಒಂದು ನಿಮ್ಮ ಕಪಾಟಿಗೆ, ಇನ್ನೊಂದು ಕೋಲಾರದ ಅಜ್ಜಿಗೆ.

ರಟ್ಟಿನ ವಿಮಾನ:

ಉದ್ದ 14 ಮಿ.ಮೀ., ಬುಡದಲ್ಲಿ 9 ಮಿ.ಮೀ., ಹಿಂದೆ ಅಂಟಿಸೋಕೆ 3 ಮಿ.ಮೀ. ಕಡ್ಡಿ ಬಿಡಿ ಮೇಷ್ಟ್ರೇ. ಶನಿವಾರ ಮಗನನ್ನ ಕರಕೊಂಡು ಪೀಣ್ಯಕ್ಕೇ ಬರ್ತೀನಿ, ಕೊರೆಯೋದನ್ನ ನೋಡಬೇಕಂತೆ ಅವನಿಗೆ.